ಟಿವಿ ರೇಸ್ ಬಿಟ್ಟು ಆ ಪುಟ್ಟ ಟ್ರ್ಯಾಕಿಗೆ ಯಾಕೆ ಹೋಗ್ತೀರಿ?

ನಾರ್ತ್ ಕೆರೊಲಿನಾದ ನಮ್ಮ ಮನೆಗೆ ಬರುವ ನೆಂಟರು, ಬೆಂಗಳೂರಿನಿಂದ ಫೋನ್ ಮಾಡುವ ಗೆಳೆಯರು, ಎಲ್ಲರೂ ಇದನ್ನೇ ಕೇಳುತ್ತಾರೆ. ಅಮೆರಿಕದ ಕಾರ್ ರೇಸ್ ಸಂಸ್ಥೆ ನಾಸ್ಕಾರ್‌ನ ದೊಡ್ಡ ರೇಸ್‌ಗಳು ಟಿವಿಯಲ್ಲೇ ಬರುತ್ತವೆ, ಶಾರ್ಲೆಟ್‌ನಲ್ಲಿ ಅಷ್ಟು ದೊಡ್ಡ ಸ್ಪೀಡ್‌ವೇ ಇದೆ. ಅದನ್ನೆಲ್ಲ ಬಿಟ್ಟು ಶನಿವಾರ ರಾತ್ರಿ ವಿನ್‌ಸ್ಟನ್-ಸೇಲಂನ ಬೋಮನ್ ಗ್ರೇ ಸ್ಟೇಡಿಯಂಗೆ ಯಾಕೆ ಹೋಗ್ತೀರಿ?

ಅಲ್ಲಿ ಕಾರನ್ನು ಸಿದ್ಧ ಮಾಡಿದ ಕೈಗಳು ಕಣ್ಣಿಗೆ ಕಾಣುತ್ತವೆ, ಅದಕ್ಕೆ.

1949ರಲ್ಲಿ ನಾಸ್ಕಾರ್‌ನ ಅತಿ ದೊಡ್ಡ ಸರಣಿ, ಅಂದರೆ ಈಗಿನ ಕಪ್ ಸರಣಿ, ಶುರುವಾದಾಗ ಜನ ಶೋರೂಮಿನ ಕಾರುಗಳನ್ನೇ ತಂದು ಓಡಿಸುತ್ತಿದ್ದರು. ಆಮೇಲೆ ತಂಡಗಳು ತಮ್ಮದೇ ಶೆಡ್ಡಿನಲ್ಲಿ ಪೈಪು ಬಗ್ಗಿಸಿ, ವೆಲ್ಡಿಂಗ್ ಮಾಡಿ ಕಾರು ಕಟ್ಟತೊಡಗಿದವು. 2022ರಲ್ಲಿ ನೆಕ್ಸ್ಟ್ ಜೆನ್ ಕಾರು ಬಂತು. ಈಗ ಚಾಸಿ (ಕಾರಿನ ಅಡಿಕಟ್ಟು), ಗೇರ್‌ಬಾಕ್ಸ್, ಸಸ್ಪೆನ್ಶನ್ ಎಲ್ಲವನ್ನೂ ಎಲ್ಲಾ ತಂಡಗಳೂ ಗೊತ್ತುಮಾಡಿದ ಅವೇ ಕಂಪನಿಗಳಿಂದ ಕೊಳ್ಳಬೇಕು. ಚಕ್ರಕ್ಕೆ ಮೊದಲು 5 ನಟ್ ಇತ್ತು, ಈಗ ನಡುವೆ ಒಂದೇ. ಖರ್ಚು ಹತೋಟಿಗೆ ಬರಲಿ ಅಂತ ಮಾಡಿದ್ದು, ಉದ್ದೇಶ ಸರಿಯೇ. ಆದರೆ ಚಿಕ್ಕ ಟ್ರ್ಯಾಕುಗಳಲ್ಲಿ ಈ ಕಾರಿನಿಂದ ಮುಂದಿನವರನ್ನು ಹಿಂದೆ ಹಾಕುವುದೇ ಕಷ್ಟವಾಗಿ, ಕೊನೆಗೆ 2026ಕ್ಕೆ ಅಂಥ ಕಡೆ ಎಂಜಿನ್ ಶಕ್ತಿಯನ್ನು 670ರಿಂದ 750 ಅಶ್ವಶಕ್ತಿಗೆ ಏರಿಸಬೇಕಾಯಿತು.

ಎಲ್ಲಾ ಬದಲಾವಣೆಯೂ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳುವುದಿಲ್ಲ. 2001ರಲ್ಲಿ ಡೇಟೋನಾದ ರೇಸ್‌ನಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡ ಮೇಲೆ ಕುತ್ತಿಗೆ ಕಾಯುವ ಸಾಧನ ಕಡ್ಡಾಯವಾಯಿತು, ಪೆಟ್ಟು ಹೀರುವ ಗೋಡೆಗಳು ಬಂದವು, ಅಂದಿನಿಂದ ಕಪ್ ಸರಣಿಯ ರೇಸ್‌ನಲ್ಲಿ ಒಬ್ಬ ಚಾಲಕನೂ ಸತ್ತಿಲ್ಲ. ಇದಕ್ಕಿಂತ ದೊಡ್ಡ ಗೆಲುವು ಇನ್ನೇನು ಬೇಕು?

ಬೋಮನ್ ಗ್ರೇಯಲ್ಲಿ ಫುಟ್‌ಬಾಲ್ ಮೈದಾನದ ಸುತ್ತ ಕಾಲು ಮೈಲಿಯ ಸಪಾಟಾದ ಟ್ರ್ಯಾಕ್ ಇದೆ, ಅಷ್ಟೇ. 1949ರಿಂದ ಅಲ್ಲಿ ನಾಸ್ಕಾರ್ ರೇಸ್ ನಡೆಯುತ್ತಿದೆ. ಚಕ್ರಗಳೆಲ್ಲ ಹೊರಗೆ ಚಾಚಿಕೊಂಡ ತಗ್ಗು ಮಾಡಿಫೈಡ್ ಕಾರುಗಳು ಸುಮಾರು 13 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತವೆ. ಎಲ್ಲಿ ಕೂತರೂ ಇಡೀ ಟ್ರ್ಯಾಕ್ ಕಾಣುತ್ತದೆ. ಟಿವಿಯಲ್ಲಾದರೆ ಕ್ಯಾಮೆರಾ ತೋರಿಸಿದ್ದೇ ರೇಸು, ಅಲ್ವಾ? ಇಲ್ಲಿ ಹನ್ನೆರಡನೇ ಜಾಗಕ್ಕೆ ಇಬ್ಬರು ಗುದ್ದಾಡುತ್ತಿದ್ದರೆ ಅದನ್ನೇ ನೋಡುತ್ತಾ ಕೂರಬಹುದು.

ಇಂಥ ಟ್ರ್ಯಾಕಿನಲ್ಲಿ ಟೈರ್ ಆರಿಸುವುದನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಅಳತೆಯ ಟೇಪನ್ನು ಟೈರಿನ ಸುತ್ತ ಬಿಗಿಯಾಗಿ ಸುತ್ತಿ, ಬಂದ ಅಂಕಿಯನ್ನು ಸೀಮೆಸುಣ್ಣದಲ್ಲಿ ರಬ್ಬರಿನ ಮೇಲೆ ಬರೆಯುತ್ತಾರೆ. ತಿರುವುಗಳೆಲ್ಲ ಎಡಕ್ಕೇ ಇರುವುದರಿಂದ ಬಲಗಡೆಯ ಟೈರ್ ಎಡಗಡೆಯದಕ್ಕಿಂತ ಸ್ವಲ್ಪ ದೊಡ್ಡದಿರಬೇಕು, ಆಗ ಕಾರು ತಾನಾಗಿಯೇ ಎಡಕ್ಕೆ ಎಳೆಯುತ್ತದೆ, ತಿರುವಿನಲ್ಲಿ ಸಲೀಸಾಗಿ ತಿರುಗುತ್ತದೆ. ಗಾಳಿ ಚೂರು ಜಾಸ್ತಿ ಹಾಕಿ ಮತ್ತೆ ಅಳೆಯುತ್ತಾರೆ. ವಾರವಿಡೀ ಬೇರೆ ಕೆಲಸ ಮಾಡಿ, ರಾತ್ರಿ ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಮಲಗಿದವರು ಇವರು. ಗೆದ್ದರೆ ಯಾಕೆ ಗೆದ್ದರು ಅಂತ ನನಗೆ ಗೊತ್ತಾಗುತ್ತದೆ.

ನಾಸ್ಕಾರ್‌ನ ದೊಡ್ಡವರಿಗೂ ಇದರ ಬೆಲೆ ಈಗ ಅರ್ಥವಾಗುತ್ತಿದೆ. ನಮ್ಮದೇ ರಾಜ್ಯದ ನಾರ್ತ್ ವಿಲ್ಕ್ಸ್‌ಬರೋ ಟ್ರ್ಯಾಕಿಗೆ 1996ರ ನಂತರ ಕಪ್ ರೇಸ್ ತಪ್ಪಿಹೋಯಿತು, ಅದರ ರೇಸ್ ದಿನಗಳು ಟೆಕ್ಸಸ್‌ಗೂ ನ್ಯೂ ಹ್ಯಾಂಪ್‌ಶೈರ್‌ಗೂ ಹೋದವು, ಟ್ರ್ಯಾಕಿನಲ್ಲಿ ಕಳೆ ಬೆಳೆಯಿತು. 2022ರ ಆಗಸ್ಟ್‌ನಲ್ಲಿ ಅಲ್ಲಿಗೆ ಜೀವ ತಂದದ್ದು ಊರ ಮಟ್ಟದ ರೇಸ್‌ಗಳೇ. ಡೇಲ್ ಅವರ ಮಗ, ಡೇಲ್ ಅರ್ನ್‌ಹಾರ್ಟ್ ಜೂನಿಯರ್, ಬಂದು ಊರ ಮಟ್ಟದ ರೇಸಿನ ಲೇಟ್ ಮಾಡೆಲ್ ಕಾರು ಓಡಿಸಿದರು, ಮೂರನೆಯವರಾದರು. ಮರುವರ್ಷ ಕಪ್ ಚಾಲಕರ ವಿಶೇಷ ಪಂದ್ಯವಾದ ಆಲ್-ಸ್ಟಾರ್ ರೇಸೇ ಅಲ್ಲಿಗೆ ಬಂತು. 2025ರಲ್ಲಿ ಕಪ್ ಕಾರುಗಳು ಬೋಮನ್ ಗ್ರೇಗೂ ಬಂದವು.

ಈ ಕಡೆ ಬಂದರೆ ಬೇಸಿಗೆಯ ಒಂದು ಶನಿವಾರ ನನಗಾಗಿ ಇಟ್ಟುಕೊಳ್ಳಿ. ಸ್ವಲ್ಪ ಮೇಲಿನ ಸಾಲಿನಲ್ಲಿ ಕೂರೋಣ. ಮಕ್ಕಳಿದ್ದರೆ ಕಿವಿಗೆ ಇಯರ್‌ಮಫ್ ಮರೆಯದೆ ತನ್ನಿ.