ಮೂರು ಜಾಗ, ಆರು ಕಾರ್ಡ್: ಲ್ಯಾಪ್ ಸ್ಟೀಲ್ ಕಲಿಕೆ, ಏಳನೇ ವಾರ

ಈ ವಾರ ಸಿ, ಎಫ್, ಜಿ ಮೂರು ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ನಡುವೆ ನಿಲ್ಲದೆ ಸುತ್ತಿ ಬಂದೆ. ನನಗೆ ತುಂಬಾ ಖುಷಿಯಾಗಿದೆ.

ಹೊಸದಾಗಿ ಓದುವವರಿಗೆ: ನನ್ನದು ಅಟ್ಟದಿಂದ ಇಳಿಸಿದ ಹಳೇ ಅಕೌಸ್ಟಿಕ್ ಗಿಟಾರ್. ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಮೇಲೆ ಎತ್ತರದ ಲೋಹದ ತುಂಡು ಕೂರಿಸಿ ತಂತಿಗಳನ್ನು ಮೇಲೆತ್ತಿದ್ದೇನೆ. ತೊಡೆ ಮೇಲೆ ಮಲಗಿಸಿ, ಬೆರಳಿಂದ ಒತ್ತದೆ, ತಂತಿ ಮೇಲೆ ಸ್ಟೀಲ್ ಬಾರ್ ಇಟ್ಟು ನುಡಿಸೋದು, ಇದೇ ಲ್ಯಾಪ್ ಸ್ಟೀಲ್. ಹವಾಯಿಯಲ್ಲಿ 19ನೇ ಶತಮಾನದ ಕೊನೆಗೆ ಶುರುವಾದ ರೂಢಿ ಇದು.

ಶ್ರುತಿ ಸಿ6. ದಪ್ಪ ತಂತಿಯಿಂದ ತೆಳು ತಂತಿಗೆ ಸಿ, ಇ, ಜಿ, ಎ, ಸಿ, ಇ. ಮೊದಲ ವಾರ ಗಿಟಾರ್‌ನ ಮಾಮೂಲಿ ತಂತಿಯನ್ನೇ ಎಳೆದು ಕೂರಿಸಲು ಹೋದೆ. ನಾಲ್ಕನೇ ತಂತಿಯನ್ನು (ಎಣಿಕೆ ತೆಳು ತಂತಿಯಿಂದ) ಡಿಯಿಂದ ಜಿವರೆಗೆ, ಅಂದರೆ ಐದು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಗೆರೆ) ಏರಿಸಬೇಕು. ಟಣ್ ಅಂತ ಹರಿದು ಮುಂಗೈಗೆ ಬರೆ ಬಿತ್ತು. ದಯವಿಟ್ಟು ಹಾಗೆ ಮಾಡಬೇಡಿ. ಸಿ6ಗೆ ಅಂತಲೇ ತಂತಿ ಸೆಟ್ ಬರುತ್ತದೆ, ಅದನ್ನೇ ತರಿಸಿಕೊಳ್ಳಿ.

ಇಷ್ಟೆಲ್ಲ ಕಷ್ಟಪಟ್ಟು ಸಿ6 ಯಾಕೆ? ದಪ್ಪನೆಯ ಮೂರು ತಂತಿ ಮೀಟಿದರೆ ಸಿ ಮೇಜರ್. ತೆಳುವಾದ ಮೂರು ಮೀಟಿದರೆ ಎ ಮೈನರ್. ಬಾರ್ ಬೇಕಾಗೇ ಇಲ್ಲ! ಐದನೇ ಫ್ರೆಟ್ ಮೇಲೆ ಬಾರ್ ಇಟ್ಟರೆ ಎಫ್ ಮೇಜರ್ ಮತ್ತು ಡಿ ಮೈನರ್. ಏಳರಲ್ಲಿ ಜಿ ಮೇಜರ್ ಮತ್ತು ಇ ಮೈನರ್. ಮೂರು ಜಾಗದಲ್ಲಿ ಆರು ಕಾರ್ಡ್. ಎಷ್ಟೋ ಹಾಡಿಗೆ ಇಷ್ಟೇ ಸಾಕಾಗುತ್ತದೆ.

ಆದರೂ ಮೂರನೇ ವಾರದಿಂದ ಒಂದು ಕೊರಗು ಇತ್ತು. ಶ್ರುತಿ ಅಳೆಯುವ ಟ್ಯೂನರ್ ಹಸಿರು, ಅಂದರೆ ಸರಿ ಅಂತ, ತೋರಿಸುತ್ತಿತ್ತು, ಬಾರ್ ಕೂಡ ಸರಿಯಾದ ಗೆರೆ ಮೇಲೇ ಇತ್ತು. ಆದರೆ ಮೇಜರ್ ಕಾರ್ಡ್ ಕಿವಿಗೆ ಒರಟಾಗಿ ಕೇಳುತ್ತಿತ್ತು. ನಮ್ಮದು ಬೆಟಗೇರಿ. ಅವ್ವ ತಂಬೂರಿ ಹಿಡಿದು ವಚನ ಹಾಡುವವಳು. ಹೆಸರುಕಾಳು ಹಸನು ಮಾಡುತ್ತಾ ಕೂತಿದ್ದವಳು ಮೊರದಿಂದ ತಲೆ ಎತ್ತದೆ, "ತಮ್ಮಾ, ಗಂಧಾರ ಏರೇತಿ. ಒಂಚೂರು ಇಳಸು" ಅಂದಳು.

ಇಳಿಸಿದೆ. ಕಾರ್ಡ್ ಒಮ್ಮೆಲೇ ಮೆತ್ತಗಾಯಿತು. ಟ್ಯೂನರ್ ಪ್ರಕಾರ ಗಂಧಾರ, ಅಂದರೆ ಇ, ಈಗ 14 ಸೆಂಟ್ ಕೆಳಗಿತ್ತು. ಪಕ್ಕದ ಎರಡು ಫ್ರೆಟ್‌ಗಳ ನಡುವೆ 100 ಸೆಂಟ್ ಅಂತ ಲೆಕ್ಕ. ಟ್ಯೂನರ್ ಸಪ್ತಕವನ್ನು 12 ಸಮಪಾಲು ಮಾಡುತ್ತದೆ. ತಂಬೂರಿಯ ಷಡ್ಜದ ತಂತಿಯೊಳಗೆ ತಾನಾಗೇ ಕೇಳುವ ಗಂಧಾರ ಅದಕ್ಕಿಂತ ಸ್ವಲ್ಪ ಕೆಳಗಿದೆ. ಅವ್ವನ ಕಿವಿ ಹಿಡಿದದ್ದು ಅದನ್ನೇ. ಇ ಇಳಿಸಿದ ಮೇಲೆ ಎ ಮೈನರ್ ಕೆಟ್ಟಿತು, ಆಗ ಎ ತಂತಿಯನ್ನೂ 16 ಸೆಂಟ್ ಇಳಿಸಿದೆ. ಈಗ ಎರಡೂ ಕಾರ್ಡ್ ಶುದ್ಧ. ಮಾಮೂಲಿ ಗಿಟಾರ್‌ನಲ್ಲಿ ಹೀಗೆ ಮಾಡಿದರೆ ಒಂದು ಕಾರ್ಡ್ ಸರಿಹೋಗಿ ಇನ್ನೊಂದು ಕೆಡುತ್ತದೆ. ಇಲ್ಲಿ ಬಾರ್ ನೇರವಾಗಿ ಜಾರುವುದರಿಂದ ಈ ಶುದ್ಧ ಜೋಡಣೆ ಎಲ್ಲ ಫ್ರೆಟ್‌ಗೂ ಹಾಗೇ ಬರುತ್ತದೆ. ಎಷ್ಟು ಚಂದ ಅಲ್ವಾ?

ಅಂದಿನಿಂದ ಮೊಬೈಲ್‌ನಲ್ಲಿ ಬಿಳಿ ಒಂದರ (ಅಂದರೆ ಸಿ ಶ್ರುತಿಯ) ತಂಬೂರಿ ಹಚ್ಚಿಕೊಂಡೇ ಕೂರುತ್ತೇನೆ. ಮೊದಲ ದಿನದಿಂದಲೇ ಇದನ್ನು ಮಾಡಬೇಕಿತ್ತು ಅನ್ನಿಸುತ್ತದೆ.

ಬಾರ್ ಇಡುವ ಜಾಗ ಫ್ರೆಟ್‌ನ ಹಿಂದೆ ಅಲ್ಲ, ಸರಿಯಾಗಿ ಅದರ ನೆತ್ತಿ ಮೇಲೆ. ಓರೆಯಿಂದ ನೋಡಿದರೆ ಕಣ್ಣು ಮೋಸ ಮಾಡುತ್ತದೆ, ಮೇಲಿಂದ ಬಗ್ಗಿ ನೋಡಬೇಕು. ಅಳೆದು ನೋಡಿದೆ: ನಟ್‌ನಿಂದ ಮೊದಲ ಫ್ರೆಟ್‌ಗೆ ಸುಮಾರು 36 ಮಿ.ಮೀ., 12ರಿಂದ 13ಕ್ಕೆ ಬರೀ 18. ಅಲ್ಲಿ ಒಂದು ಮಿ.ಮೀ. ತಪ್ಪಿದರೂ ಐದಾರು ಸೆಂಟ್ ಹೋಯಿತು. ಹಾಗಾಗಿ ಸದ್ಯ ಏಳನೇ ಫ್ರೆಟ್ ದಾಟುತ್ತಿಲ್ಲ.

ಬಾರ್ ಜಾರುವಾಗಿನ ಕರಕರ ಸದ್ದು ಜಾಸ್ತಿ ಇತ್ತು. ಎಡಗೈಯ ಉಳಿದ ಬೆರಳುಗಳನ್ನು ಬಾರ್ ಹಿಂದೆ ತಂತಿ ಮೇಲೆ ಹಗುರಾಗಿ ಮಲಗಿಸಿದೆ, ಮುಕ್ಕಾಲು ಪಾಲು ಹೋಯಿತು. ಲಯಕ್ಕೆ ಪಕ್ಕದ ಮನೆಯ ಮಗ್ಗವಿದೆ. ಲಾಳಿಯ ನಾಲ್ಕು ಓಟಕ್ಕೆ ಒಂದು ಕಾರ್ಡ್ ಬದಲಿಸುತ್ತೇನೆ.

ಮುಂದಿನ ವಾರ ಜಿ7, ಅಂದರೆ ಜಿ, ಬಿ, ಡಿ, ಎಫ್ ಸೇರಿದ ಕಾರ್ಡ್. ನೇರ ಬಾರ್‌ನಲ್ಲಿ ಅದು ಪೂರ್ತಿ ಸಿಗಲ್ಲ. ಹತ್ತನೇ ಫ್ರೆಟ್‌ನಲ್ಲಿ 5, 4, 3ನೇ ತಂತಿ ಮೀಟಿದರೆ ಡಿ, ಎಫ್, ಜಿ ಬರುತ್ತವೆ, ಬಿ ಮಾತ್ರ ಇಲ್ಲ. ನಿನ್ನೆ ರಾತ್ರಿ ಸುಮ್ನೆ ಒಮ್ಮೆ ಮೀಟಿ, ಅಲ್ಲಿಂದ ಸಿಗೆ ಬಂದೆ. ಬಿ ಇಲ್ಲದಿದ್ದರೂ ಮನೆಗೆ ಮರಳಿದ ಹಾಗೇ ಕೇಳಿಸಿತು.