ವಿಯೆನ್ನಾದಲ್ಲಿ ಟ್ರಾಮ್, ಮೆಟ್ರೋ, ಬಸ್ಸು: ಹೋಗಲಿರುವವರಿಗೆ ಕೆಲವು ಮಾತು

ವಿಯೆನ್ನಾಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ವಿಮಾನ ಮತ್ತು ಹೋಟೆಲಿನ ಲೆಕ್ಕವನ್ನು ತಿಂಗಳುಗಟ್ಟಲೆ ಹಾಕುತ್ತಾರೆ. ಊರೊಳಗಿನ ಓಡಾಟವನ್ನು ಮಾತ್ರ ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತಾರೆ. ಆದರೆ ಆ ಊರಿನಲ್ಲಿ ನಮ್ಮ ಹಣ, ಸಮಯ, ನೆಮ್ಮದಿ ಮೂರನ್ನೂ ಉಳಿಸಿದ್ದು ಅಲ್ಲಿನ ಸಾರ್ವಜನಿಕ ಸಾರಿಗೆಯೇ. ವಯಸ್ಸಾದ ತಾಯಿ ಮತ್ತು ಶಾಲೆಗೆ ಹೋಗುವ ಮಗಳು ಜೊತೆಗಿದ್ದರೂ ನಮಗೆ ಟ್ಯಾಕ್ಸಿಯ ಅಗತ್ಯ ಬೀಳಲಿಲ್ಲ. ಮೊದಲೇ ತಿಳಿದಿದ್ದರೆ ಅನುಕೂಲವಾಗುವ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ವಿಮಾನ ನಿಲ್ದಾಣ ಇರುವುದು ಊರಿನ ಆಗ್ನೇಯಕ್ಕೆ, ನಗರದ ಟಿಕೆಟ್ ವಲಯದ ಹೊರಗಿನ ಶ್ವೇಖಾಟ್‌ನಲ್ಲಿ. ಹೊರಗೆ ಬರುತ್ತಿದ್ದಂತೆ ಮೊದಲು ಕಣ್ಣಿಗೆ ಬೀಳುವುದು ‘ಸಿಟಿ ಏರ್‌ಪೋರ್ಟ್ ಟ್ರೇನ್’ ಎಂಬ ಹಸಿರು ರೈಲಿನ ಫಲಕಗಳು. ಅದು 16 ನಿಮಿಷಗಳಲ್ಲಿ ವೀನ್ ಮಿಟ್ಟೆ ನಿಲ್ದಾಣ ತಲುಪಿಸುತ್ತದೆ, ನಿಜ. ಆದರೆ ಅದಕ್ಕೆ ಪ್ರತ್ಯೇಕ ಟಿಕೆಟ್ ಬೇಕು, ದರವೂ ಹೆಚ್ಚು, ನಗರದ ಯಾವ ಟಿಕೆಟೂ ಅದರಲ್ಲಿ ನಡೆಯುವುದಿಲ್ಲ. ಅದೇ ವೀನ್ ಮಿಟ್ಟೆಗೆ ಎಸ್7 ಎಂಬ ಸಾಮಾನ್ಯ ರೈಲು ಸುಮಾರು 25 ನಿಮಿಷಗಳಲ್ಲಿ, ಬಹಳ ಕಡಿಮೆ ದರಕ್ಕೆ ಹೋಗುತ್ತದೆ. ಹೋಟೆಲು ಮುಖ್ಯ ರೈಲು ನಿಲ್ದಾಣವಾದ ಹಾಪ್ಟ್‌ಬಾನ್‌ಹೋಫ್ ಕಡೆಗಿದ್ದರೆ ನೇರವಾಗಿ ಅಲ್ಲಿಗೆ ಹೋಗುವ ರೈಲ್‌ಜೆಟ್ ಹಿಡಿಯುವುದೇ ಲೇಸು. ನಿಮ್ಮ ಬಳಿ ಆಗಲೇ ನಗರದ ಪಾಸು ಇದ್ದರೆ, ವಿಮಾನ ನಿಲ್ದಾಣದಿಂದ ನಗರದ ಗಡಿಯವರೆಗಿನ ಹೆಚ್ಚುವರಿ ಟಿಕೆಟ್ ಒಂದನ್ನು ಕೊಂಡರೆ ಸಾಕು. ಪೂರ್ಣ ಟಿಕೆಟ್ ಕೊಳ್ಳುವುದು ಬೇಡ. ಯಂತ್ರದಲ್ಲಿ ಇಂಗ್ಲಿಷ್ ಆಯ್ಕೆ ಇರುವುದರಿಂದ ಇದೆಲ್ಲ ಕಷ್ಟವಾಗುವುದಿಲ್ಲ.

ಇನ್ನು ಟಿಕೆಟ್ಟಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಡೀ ವಿಯೆನ್ನಾ ನಗರ ಒಂದೇ ವಲಯ. ವೀನರ್ ಲೀನಿಯೆನ್ ಸಂಸ್ಥೆಯ ಮೆಟ್ರೋ, ಟ್ರಾಮ್ ಮತ್ತು ಬಸ್ಸುಗಳಿಗೂ ನಗರದ ಮಿತಿಯೊಳಗೆ ಓಡುವ ಉಪನಗರ ರೈಲುಗಳಿಗೂ ಒಂದೇ ಟಿಕೆಟ್ ಸಾಕಾಗುತ್ತದೆ. ಒಂದು ಬಾರಿಯ ಟಿಕೆಟ್ಟಿನಲ್ಲಿ ಎಷ್ಟು ವಾಹನ ಬೇಕಾದರೂ ಬದಲಿಸಬಹುದು, ಆದರೆ ಮುಂದಕ್ಕೆ ಮಾತ್ರ. ನಡುವೆ ಇಳಿದು ಕಾಫಿ ಕುಡಿದು ಮುಂದುವರಿಯುವುದಕ್ಕಾಗಲಿ ಬಂದ ದಾರಿಯಲ್ಲೇ ಹಿಂದಿರುಗುವುದಕ್ಕಾಗಲಿ ಅದು ಸಲ್ಲುವುದಿಲ್ಲ. ಪ್ರವಾಸಿಗಳು ದಿನಕ್ಕೆ ನಾಲ್ಕಾರು ಬಾರಿಯಾದರೂ ಹತ್ತಿ ಇಳಿಯುವುದರಿಂದ ದಿನದ ಟಿಕೆಟ್ಟೋ ವಾರದ ಟಿಕೆಟ್ಟೋ ಕೊಳ್ಳುವುದೇ ಸರಿ. ನಾವು ಕೊಂಡ 24 ಗಂಟೆಯ ಟಿಕೆಟ್ಟಿನ ಅವಧಿ ಮುದ್ರೆ ಒತ್ತಿದ ಕ್ಷಣದಿಂದ ಎಣಿಕೆಯಾಗುತ್ತಿತ್ತು. ಮಧ್ಯಾಹ್ನ ಊರಿಗೆ ಬಂದಿಳಿದವರಿಗೆ ಅದರಿಂದ ಮರುದಿನದ ಬೆಳಗಿನ ಓಡಾಟವೂ ದಕ್ಕಿದಂತಾಗುತ್ತದೆ. ದರಗಳೂ ಟಿಕೆಟ್ಟಿನ ಬಗೆಗಳೂ ಆಗಾಗ ಪರಿಷ್ಕರಣೆಯಾಗುವುದರಿಂದ ಹೊರಡುವ ವಾರ ಸಂಸ್ಥೆಯ ಜಾಲತಾಣವನ್ನೊಮ್ಮೆ ನೋಡಿಕೊಳ್ಳಿ. ‘ವಿಯೆನ್ನಾ ಸಿಟಿ ಕಾರ್ಡ್’ ಎಂಬುದನ್ನು ಹೋಟೆಲುಗಳಲ್ಲಿ ಬಹಳವಾಗಿ ಹೊಗಳುತ್ತಾರೆ. ಅದು ಪ್ರಯಾಣದ ಟಿಕೆಟ್ಟಿಗೆ ಕೆಲವು ರಿಯಾಯಿತಿಗಳನ್ನು ಸೇರಿಸಿದ ಕಾರ್ಡು. ರಿಯಾಯಿತಿ ಕೊಡುವ ವಸ್ತುಸಂಗ್ರಹಾಲಯಗಳಿಗೆ ಸಾಲಾಗಿ ಹೋಗುವವರಿಗೆ ಮಾತ್ರ ಲಾಭ. ನಮಗೆ ಬರೀ ಸಾರಿಗೆ ಟಿಕೆಟ್ಟೇ ಅಗ್ಗವಾಯಿತು.

ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಟೋಕನ್ನೋ ಕಾರ್ಡೋ ತೋರಿಸದೆ ಗೇಟು ತೆರೆಯುವುದಿಲ್ಲ. ವಿಯೆನ್ನಾದ ಮೆಟ್ರೋದಲ್ಲಿ ಗೇಟೇ ಇಲ್ಲ. ಪ್ಲಾಟ್‌ಫಾರ್ಮಿಗೆ ಇಳಿಯುವ ದಾರಿಯಲ್ಲಿ ಸೊಂಟದೆತ್ತರಕ್ಕೆ ನಿಂತಿರುವ ನೀಲಿ ಪೆಟ್ಟಿಗೆಯ ಸೀಳಿನೊಳಗೆ ಕಾಗದದ ಟಿಕೆಟ್ಟನ್ನು ಬಾಣದ ಗುರುತಿರುವ ತುದಿಯಿಂದ ತೂರಿಸಿದರೆ, ಸಣ್ಣ ಸದ್ದಿನೊಂದಿಗೆ ಅದರ ಮೇಲೆ ದಿನಾಂಕ, ಸಮಯ ಅಚ್ಚಾಗುತ್ತದೆ. ಟ್ರಾಮ್ ಮತ್ತು ಬಸ್ಸುಗಳಲ್ಲಿ ಈ ಪೆಟ್ಟಿಗೆ ವಾಹನದೊಳಗೇ ಇರುತ್ತದೆ. ಈ ಮುದ್ರೆ ಇಲ್ಲದ ಟಿಕೆಟ್ಟು ಕೈಯಲ್ಲಿದ್ದರೂ ಇಲ್ಲದಂತೆಯೇ. ಸಾಮಾನ್ಯ ಉಡುಪಿನ ತನಿಖಾಧಿಕಾರಿಗಳು ಯಾವಾಗ ಬೇಕಾದರೂ ಬರುತ್ತಾರೆ, ದಂಡ ನೂರು ಯೂರೋ ದಾಟುತ್ತದೆ, ‘ಪ್ರವಾಸಿಗಳು, ಗೊತ್ತಿರಲಿಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ. ಮುದ್ರೆ ಒತ್ತುವುದು ಮೊದಲ ಬಾರಿಗೆ ಮಾತ್ರ. ಆಮೇಲೆ ಅವಧಿ ಮುಗಿಯುವವರೆಗೆ ಜೇಬಿನಲ್ಲಿಟ್ಟುಕೊಂಡರಾಯಿತು. ಯಂತ್ರವೇ ದಿನಾಂಕ, ಸಮಯ ಮುದ್ರಿಸಿ ಕೊಟ್ಟಿದ್ದರೆ ಮತ್ತೆ ಒತ್ತುವ ಅಗತ್ಯವಿಲ್ಲ. ತಂಬಾಕು, ಪತ್ರಿಕೆ ಮಾರುವ ‘ಟ್ರಾಫಿಕ್’ ಎಂಬ ಅಂಗಡಿಗಳಲ್ಲಿಯೂ ಟಿಕೆಟ್ ಸಿಗುತ್ತದೆ, ಆದರೆ ಭಾನುವಾರ ಅವು ಸಾಮಾನ್ಯವಾಗಿ ಮುಚ್ಚಿರುತ್ತವೆ. ‘ವೀನ್‌ಮೊಬಿಲ್’ ಆ್ಯಪಿನಲ್ಲಿ ಕೊಂಡರೆ ಕಾಗದದ ಗೊಡವೆಯೇ ಇಲ್ಲ. ಫೋನಿನ ಬ್ಯಾಟರಿ ಮಾತ್ರ ಉಳಿದಿರಬೇಕು.

ಮೆಟ್ರೋಗೆ ಅಲ್ಲಿ ಊ-ಬಾನ್ ಎನ್ನುತ್ತಾರೆ. ಯು1, ಯು2, ಯು3, ಯು4, ಯು6 ಎಂಬ ಐದು ಮಾರ್ಗಗಳು ಓಡುತ್ತಿವೆ, ಯು5 ನಿರ್ಮಾಣದಲ್ಲಿದೆ. ಫಲಕಗಳಲ್ಲಿ ದಿಕ್ಕನ್ನು ಸೂಚಿಸುವುದು ಕೊನೆಯ ನಿಲ್ದಾಣದ ಹೆಸರಿನಿಂದ. ಆದ್ದರಿಂದ ನೀವು ಇಳಿಯುವ ಜಾಗದ ಜೊತೆಗೆ ಆ ಮಾರ್ಗದ ಎರಡು ತುದಿಗಳನ್ನೂ ಬರೆದಿಟ್ಟುಕೊಳ್ಳಿ. ಯು4ರ ತುದಿಗಳು ಹ್ಯೂಟೆಲ್‌ಡಾರ್ಫ್ ಮತ್ತು ಹೈಲಿಗೆನ್‌ಷ್ಟಾಟ್. ಎರಡೂ ‘ಹ’ಕಾರದಿಂದಲೇ ಆರಂಭವಾಗುವುದರಿಂದ ಅವಸರದಲ್ಲಿ ಅದಲುಬದಲಾಗುವ ಸಂಭವ ಹೆಚ್ಚು. ಷೋನ್‌ಬ್ರುನ್ ಅರಮನೆಗೆ ಹ್ಯೂಟೆಲ್‌ಡಾರ್ಫ್ ಕಡೆಯ ಗಾಡಿ ಹತ್ತಬೇಕು. ಅರಮನೆಯ ಮುಖ್ಯದ್ವಾರಕ್ಕೆ ಷೋನ್‌ಬ್ರುನ್ ನಿಲ್ದಾಣ ಸರಿ. ಮಕ್ಕಳೊಡನೆ ಮೊದಲು ಮೃಗಾಲಯಕ್ಕೆ ಹೋಗುವವರು ಮುಂದಿನ ಹೀಟ್ಸಿಂಗ್‌ನಲ್ಲಿ ಇಳಿದರೆ ನಡಿಗೆ ಉಳಿಯುತ್ತದೆ. ಯು4 ಓಡುವುದು 1898ರ ಹೊತ್ತಿಗೆ ಆರಂಭವಾದ ನಗರ ರೈಲಿನ ಹಳೆಯ ದಾರಿಯಲ್ಲಿ. ವಾಸ್ತುಶಿಲ್ಪಿ ಓಟೋ ವಾಗ್ನರ್ ವಿನ್ಯಾಸದ ಹಸಿರು ಕಬ್ಬಿಣದ ಕಟಕಟೆಗಳು ಹಲವು ನಿಲ್ದಾಣಗಳಲ್ಲಿ ಇಂದಿಗೂ ಉಳಿದಿವೆ, ಆದ್ದರಿಂದ ಗಾಡಿ ಬರುವವರೆಗೆ ಫೋನ್ ನೋಡುವ ಬದಲು ಸುತ್ತ ಕಣ್ಣು ಹಾಯಿಸಿ.

ಬಾಗಿಲು ತಾನಾಗಿ ತೆರೆಯುತ್ತದೆಂದು ಕಾಯುತ್ತ ನಿಲ್ಲಬಾರದು; ಗುಂಡಿ ಒತ್ತಬೇಕು, ಹಳೆಯ ಗಾಡಿಯಾದರೆ ಹಿಡಿ ಎಳೆಯಬೇಕು. ಎಸ್ಕಲೇಟರಿನಲ್ಲಿ ಬಲಕ್ಕೆ ನಿಂತು ಎಡವನ್ನು ನಡೆಯುವವರಿಗೆ ಬಿಡಬೇಕು. ಮೆಟ್ರೋ ಗಾಡಿಗಳೊಳಗೆ ತಿನ್ನುವುದನ್ನು 2019ರಿಂದ ಎಲ್ಲ ಮಾರ್ಗಗಳಲ್ಲಿಯೂ ನಿಷೇಧಿಸಲಾಗಿದೆ, ಆದ್ದರಿಂದ ಕಟ್ಟಿಕೊಂಡು ಹೋದ ಚಪಾತಿ ಪಲ್ಯವನ್ನು ಉದ್ಯಾನದಲ್ಲಿ ಕುಳಿತು ತಿನ್ನಿ.

ನನ್ನ ಮಟ್ಟಿಗೆ ವಿಯೆನ್ನಾದ ನಿಜವಾದ ಸೊಗಸು ಟ್ರಾಮಿನಲ್ಲಿದೆ. ದೂರ ಹೋಗಲು ಮೆಟ್ರೋ, ಊರು ನೋಡಲು ಟ್ರಾಮ್ ಎಂಬ ಕ್ರಮವನ್ನು ನಾವು ಇಟ್ಟುಕೊಂಡೆವು. ನೀವೂ ಹಾಗೆಯೇ ಮಾಡಿ. ಹಳೆಯ ಕೋಟೆಗೋಡೆಯನ್ನು ಕೆಡವಲು ಚಕ್ರವರ್ತಿ ಫ್ರಾಂಜ್ ಜೋಸೆಫ್ 1857ರಲ್ಲಿ ಆಜ್ಞೆ ಹೊರಡಿಸಿದ ಮೇಲೆ ಆ ಜಾಗದಲ್ಲಿ ನಿರ್ಮಾಣವಾದ ರಿಂಗ್‌ಸ್ಟ್ರಾಸೆ ಎಂಬ ವರ್ತುಲ ರಸ್ತೆಯಲ್ಲಿಯೇ ನಗರದ ಹೆಸರಾಂತ ಕಟ್ಟಡಗಳಲ್ಲಿ ಹೆಚ್ಚಿನವು ಸಾಲುಗಟ್ಟಿವೆ. ಷ್ವೇಡನ್‌ಪ್ಲಾಟ್ಸ್‌ನಲ್ಲಿ ಒಪೆರಾ ಕಡೆಗೆ ಹೋಗುವ 1ನೇ ಸಂಖ್ಯೆಯ ಟ್ರಾಮ್ ಹತ್ತಿ ಬಲಬದಿಯ ಕಿಟಕಿಗೆ ಕುಳಿತರೆ ವಿಶ್ವವಿದ್ಯಾಲಯ, ಎತ್ತರದ ಗೋಪುರವುಳ್ಳ ನಗರಸಭೆ, ಗ್ರೀಕ್ ಶೈಲಿಯ ಕಂಬಗಳ ಸಂಸತ್ ಭವನ, ಎದುರುಬದುರಾಗಿ ನಿಂತ ಎರಡು ದೊಡ್ಡ ವಸ್ತುಸಂಗ್ರಹಾಲಯಗಳು ಒಂದಾದ ಮೇಲೊಂದು ಬರುತ್ತವೆ. ಎಡಬದಿಯಲ್ಲಿ ರಂಗಮಂದಿರ, ಹೋಫ್‌ಬುರ್ಗ್ ಅರಮನೆಯ ಆವರಣ ಮತ್ತು ಕೊನೆಗೆ ಒಪೆರಾ. 2008ರವರೆಗೆ ಒಂದೇ ಟ್ರಾಮ್ ಪೂರ್ತಿ ವರ್ತುಲ ಸುತ್ತುತ್ತಿತ್ತು, ಈಗ ಹಾಗಿಲ್ಲ. ಆದ್ದರಿಂದ ಒಪೆರಾದ ಬಳಿ ಇಳಿದು, ಷ್ವೇಡನ್‌ಪ್ಲಾಟ್ಸ್ ಮಾರ್ಗವಾಗಿ ಹೋಗುವ 2ನೇ ಸಂಖ್ಯೆಯ ಟ್ರಾಮ್ ಹಿಡಿದರೆ ಉಳಿದ ಅರ್ಧವೂ ಪೂರ್ಣವಾಗುತ್ತದೆ. ಪ್ರವಾಸಿ ಬಸ್ಸುಗಳು ದುಬಾರಿ ದರಕ್ಕೆ ತೋರಿಸುವ ನೋಟವೇ ಇದು. ಮೆಟ್ರೋ ಕಾಮಗಾರಿಯಿಂದ ಕೆಲವೊಮ್ಮೆ ಮಾರ್ಗ ಬದಲಾಗುವುದುಂಟು, ಆ ದಿನದ ಸೂಚನೆಯನ್ನು ಆ್ಯಪಿನಲ್ಲಿ ನೋಡಿ ಹತ್ತಿ.

ಸಂಗೀತದಲ್ಲಿ ಆಸಕ್ತಿಯುಳ್ಳವರು 71ನೇ ಸಂಖ್ಯೆಯ ಟ್ರಾಮಿನಲ್ಲಿ ಕೇಂದ್ರ ಸ್ಮಶಾನಕ್ಕೆ ಹೋಗಿಬರಬೇಕು. ಎರಡನೆಯ ದ್ವಾರದ ನಿಲ್ದಾಣದಲ್ಲಿಯೇ ಇಳಿಯಿರಿ. ಸ್ಮಶಾನ ಬಹಳ ದೊಡ್ಡದು, ಬೇರೆ ದ್ವಾರದಲ್ಲಿ ಇಳಿದರೆ ಕಾಲು ಸೋಲುತ್ತದೆ. ಅಲ್ಲಿಂದ ಸ್ವಲ್ಪ ನಡೆದರೆ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಸಮಾಧಿಗಳು ಒಂದೇ ಕಡೆ ಇವೆ. ಮೊಜಾರ್ಟ್‌ನದು ಅಲ್ಲಿ ಸ್ಮಾರಕ ಮಾತ್ರ.

ಹಿರಿಯರನ್ನು ಕರೆದೊಯ್ಯುವವರು ಧೈರ್ಯವಾಗಿರಬಹುದು. ಮೆಟ್ರೋ ನಿಲ್ದಾಣಗಳಲ್ಲೆಲ್ಲ ಲಿಫ್ಟು ಅಥವಾ ಇಳಿಜಾರು ಇದೆ. ಲಿಫ್ಟು ಸಾಮಾನ್ಯವಾಗಿ ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿರುತ್ತದೆ, ಆದ್ದರಿಂದ ಆ ಕಡೆಯ ಬೋಗಿಯನ್ನೇ ಹತ್ತುವುದು ಒಳ್ಳೆಯದು. ತಗ್ಗು ನೆಲದ ಟ್ರಾಮುಗಳಲ್ಲಿ ಮೆಟ್ಟಿಲೇ ಇಲ್ಲ. ಮಂಡಿನೋವಿನ ನನ್ನ ತಾಯಿ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿದರು. ನಿಲ್ದಾಣದ ಫಲಕದಲ್ಲಿ ಬರಲಿರುವ ಗಾಡಿಯ ಮುಂದೆ ಗಾಲಿಕುರ್ಚಿಯ ಚಿಹ್ನೆ ಇದ್ದರೆ ಅದು ಅಂಥ ಗಾಡಿಯೆಂದು ಅರ್ಥ.

ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಹದಿನೈದು ತುಂಬದ ಮಕ್ಕಳಿಗೆ ಭಾನುವಾರ, ಸಾರ್ವಜನಿಕ ರಜಾದಿನ ಮತ್ತು ವಿಯೆನ್ನಾದ ಶಾಲಾ ರಜೆಗಳಲ್ಲಿ ಪ್ರಯಾಣ ಉಚಿತ. ವಯಸ್ಸು ತೋರಿಸಲು ಭಾವಚಿತ್ರವುಳ್ಳ ದಾಖಲೆ ಜೊತೆಗಿರಲಿ. ನಮ್ಮ ಕರ್ನಾಟಕದ ಬೇಸಿಗೆ ರಜೆ ಏಪ್ರಿಲ್-ಮೇ ತಿಂಗಳಲ್ಲಿ, ಅಲ್ಲಿಯದು ಜುಲೈ-ಆಗಸ್ಟ್‌ನಲ್ಲಿ ಬರುವುದರಿಂದ, ಮೇ ತಿಂಗಳಿನಲ್ಲಿ ಹೋಗುವವರು ಮಕ್ಕಳಿಗೂ ವಾರದ ದಿನಗಳಲ್ಲಿ ಟಿಕೆಟ್ ಕೊಳ್ಳಬೇಕಾಗುತ್ತದೆ.

ಒಂದು ಸಂಜೆಯನ್ನು ಕಾಲೆನ್‌ಬೆರ್ಗ್ ಬೆಟ್ಟಕ್ಕೆ ಮೀಸಲಿಡಿ. ಯು4ರ ಕೊನೆಯ ನಿಲ್ದಾಣ ಹೈಲಿಗೆನ್‌ಷ್ಟಾಟ್‌ನ ಹೊರಗಿನಿಂದ ಹೊರಡುವ 38ಎ ಬಸ್ಸು ದ್ರಾಕ್ಷಿತೋಟಗಳ ನಡುವೆ ತಿರುವುಗಳನ್ನು ಏರಿ 484 ಮೀಟರ್ ಎತ್ತರದ ಬೆಟ್ಟಕ್ಕೆ ಕರೆದೊಯ್ಯುತ್ತದೆ. ಅದೂ ನಗರದ ವಲಯದೊಳಗೇ ಇರುವುದರಿಂದ ನಿಮ್ಮ ಅದೇ ಟಿಕೆಟ್ ನಡೆಯುತ್ತದೆ. ಇಳಿಯುತ್ತಲೇ ಹಿಂದಿರುಗುವ ಬಸ್ಸಿನ ವೇಳಾಪಟ್ಟಿಯ ಫೋಟೋ ತೆಗೆದುಕೊಳ್ಳಿ. ಕೆಳಗೆ ಬಂದ ಮೇಲೆ ತಡವಾದರೂ ಚಿಂತೆಯಿಲ್ಲ: ಶುಕ್ರವಾರ, ಶನಿವಾರ ಮತ್ತು ರಜೆಯ ಹಿಂದಿನ ರಾತ್ರಿ ಮೆಟ್ರೋ ಬೆಳಗಿನವರೆಗೂ ಓಡುತ್ತದೆ. ಉಳಿದ ರಾತ್ರಿಗಳಲ್ಲಿ ಅದು ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ನಿಂತರೂ ‘ಎನ್’ ಅಕ್ಷರದಿಂದ ಆರಂಭವಾಗುವ ರಾತ್ರಿ ಬಸ್ಸುಗಳಿರುತ್ತವೆ, ಅವುಗಳಿಗೂ ಅದೇ ಟಿಕೆಟ್ ಸಾಕು.