ಪೋಪರಿಗೆ ಕಪಾಳಮೋಕ್ಷವಾದ ಊರು

ರೋಮ್‌ನಲ್ಲಿ ಕಳೆದ ನಾಲ್ಕು ದಿನಗಳ ಬಗ್ಗೆ ಬರೆಯುವುದಿಲ್ಲ. ವ್ಯಾಟಿಕನ್ ಮ್ಯೂಸಿಯಂನಲ್ಲಿ ನಾನು ನೋಡಿದ್ದು ಹೆಚ್ಚಾಗಿ ಮುಂದಿನವರ ಬೆನ್ನುಚೀಲಗಳನ್ನು. ಬರೆಯಬೇಕೆನಿಸಿದ್ದು ಐದನೆಯ ದಿನ ಹೋದ ಅನಾನ್ಯಿಯ ಬಗ್ಗೆ.

ರೋಮ್‌ನಲ್ಲಿ ಓದುತ್ತಿರುವ ತಂಗಿಯ ಮಗಳು, "ಅಲ್ಲಿ ಏನಿದೆ ದೊಡ್ಡಮ್ಮ? ನನ್ನ ಗೆಳತಿಯರು ಯಾರೂ ಆ ಊರಿಗೆ ಹೋಗಿಲ್ಲ" ಎಂದಳು. ಮಂಗಳೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿಕೊಟ್ಟವಳು ನಾನು. ಪೋಪರು ಮತ್ತು ರಾಜರ ಜಗಳ ಎಂಬ ಪಾಠ ಬಂದಾಗಲೆಲ್ಲ ಮಕ್ಕಳನ್ನು ಎಚ್ಚರಿಸುತ್ತಿದ್ದುದು ಒಂದೇ ಸಂಗತಿ: 1303ರಲ್ಲಿ ಒಬ್ಬ ಪೋಪರ ಕೆನ್ನೆಗೆ ಅವರ ಹುಟ್ಟೂರಿನಲ್ಲೇ ಏಟು ಬಿತ್ತು. ಆ ಊರನ್ನು ಕಣ್ಣಾರೆ ನೋಡದೆ ಹಿಂದಿರುಗುವುದು ಹೇಗೆ?

ಮೊದಲು ನನ್ನ ಸಿಟ್ಟನ್ನು ಹೇಳಿ ಮುಗಿಸುತ್ತೇನೆ. ರೋಮ್‌ನಿಂದ ರೈಲು ಒಂದು ಗಂಟೆಯೊಳಗೆ ಅನಾನ್ಯಿ ಎಂಬ ಫಲಕದ ಮುಂದೆ ಇಳಿಸುತ್ತದೆ. ಫಲಕವನ್ನು ನಂಬಬೇಡಿ. ನಿಲ್ದಾಣ ಕಣಿವೆಯಲ್ಲಿದೆ, ಊರು ಹಲವು ಕಿಲೋಮೀಟರ್ ಆಚೆ ಗುಡ್ಡದ ನೆತ್ತಿಯ ಮೇಲೆ. ನಾವು ಹೋದದ್ದು ಭಾನುವಾರ. ಟಿಕೆಟ್ ಮಾರುವ ಅಂಗಡಿಗೆ ಬೀಗ. ಒಂದೂವರೆ ಗಂಟೆ ಕಾದ ಮೇಲೆ ಬಂದ ಬಸ್ಸಿನ ಚಾಲಕ, ಟಿಕೆಟ್ ಇಲ್ಲದವರನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ಬಾಗಿಲು ಹಾಕಿಕೊಂಡು ಹೊರಟೇಬಿಟ್ಟ. ಖಾಲಿ ಬಸ್ಸು! ಟ್ಯಾಕ್ಸಿಗೆ ತೆತ್ತ ಹಣವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಹೋಗುವವರು ವಾರದ ದಿನ ಹೋಗಿ, ಬಸ್ಸಿನ ಟಿಕೆಟನ್ನು ಎರಡೂ ಕಡೆಗೆ ಹಿಂದಿನ ದಿನವೇ ಕೊಂಡಿಟ್ಟುಕೊಳ್ಳಿ.

ಊರು ಕಂಡ ಮೇಲೆ ಸಿಟ್ಟು ಅರ್ಧ ಇಳಿಯಿತು. ಹದಿಮೂರನೆಯ ಶತಮಾನದ ನಾಲ್ವರು ಪೋಪರನ್ನು ಅನಾನ್ಯಿ ತನ್ನವರೆಂದು ಹೇಳಿಕೊಳ್ಳುತ್ತದೆ. ಜರ್ಮನಿಯ ಸಾಮ್ರಾಟ ಬಾರ್ಬರೋಸನನ್ನು 1160ರಲ್ಲಿ ಧರ್ಮದಿಂದ ಬಹಿಷ್ಕರಿಸಿದ್ದು ಇಲ್ಲಿನ ಪ್ರಧಾನ ದೇವಾಲಯದಲ್ಲೇ. ದೇವಾಲಯದ ಹೊರಗೋಡೆಯ ಮೇಲೆ, ಎತ್ತರದಲ್ಲಿ, ನನ್ನ ಪಾಠದ ಆ ಪೋಪರು, ಎಂಟನೆಯ ಬೋನಿಫೇಸ್, ಕಲ್ಲಾಗಿ ಕುಳಿತಿದ್ದಾರೆ. ಕೆಳಗಿನ ನೆಲಮಾಳಿಗೆಯಲ್ಲಿ ಗೋಡೆ, ಕಮಾನು, ಚಾವಣಿ ಎಲ್ಲವೂ ಚಿತ್ರ. ಸಂತರ ಜೊತೆಗೆ ವೈದ್ಯರಾದ ಹಿಪೊಕ್ರಟೀಸ್ ಮತ್ತು ಗೇಲನ್ ಕೂಡ ಎದುರುಬದುರು ಕುಳಿತು ಹರಟುತ್ತಿದ್ದಾರೆ. ಸುಮಾರು 1900ರಲ್ಲಿ ಇಟಲಿಯ ಮೊಸ್ಕೇನಿ ಬರೆದ ನಮ್ಮ ಮಂಗಳೂರಿನ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ನೋಡಿಯೇ ಬೆಳೆದವಳು ನಾನು. ಚಾವಣಿಯಲ್ಲೂ ಜಾಗ ಬಿಡದ ಈ ಚಟ ಎಲ್ಲಿಂದ ಬಂತೆಂದು ಇಲ್ಲಿ ಗೊತ್ತಾಯಿತು. ಫೋಟೊ ತೆಗೆಯಬಾರದು ಎಂದರು. ಒಳ್ಳೆಯದೇ ಆಯಿತು, ಎಲ್ಲರೂ ನಿಜವಾಗಿ ನೋಡುತ್ತಿದ್ದರು.

ಬೋನಿಫೇಸರ ಅರಮನೆ ಎಂದು ತೋರಿಸುವ ಕಟ್ಟಡ ಅಲ್ಲೇ ಹತ್ತಿರ. ಒಂದು ಕೋಣೆಯ ಗೋಡೆಯ ತುಂಬ ಚದುರಂಗದ ಮನೆಗಳಂತಹ ಚಿತ್ತಾರ, ಇನ್ನೊಂದರಲ್ಲಿ ಹಕ್ಕಿಗಳ ಸಾಲು. ಏಟು ಬಿದ್ದದ್ದು ನಿಖರವಾಗಿ ಎಲ್ಲಿ ಎಂಬ ಬಗ್ಗೆ ಒಮ್ಮತವಿಲ್ಲ. ಏಟು ಬಿದ್ದದ್ದೇ ನಿಜವೇ ಎಂಬುದರ ಬಗ್ಗೆಯೂ ಇಲ್ಲ. ಮೂವತ್ತು ವರ್ಷ ನಾನು ಮಕ್ಕಳ ಮುಂದೆ ಗಾಳಿಯಲ್ಲಿ ಬೀಸಿ ತೋರಿಸಿದ ಆ ಕೈಗೆ ಈಗ ಏನು ಹೇಳಲಿ?

ಜಗಳ ನಿಜ, ಅದು ಹುಟ್ಟಿದ್ದು ದುಡ್ಡಿನಿಂದ. ಫ್ರಾನ್ಸಿನ ರಾಜ ನಾಲ್ಕನೆಯ ಫಿಲಿಪ್‌ಗೆ ಇಂಗ್ಲೆಂಡಿನ ಮೇಲಿನ ಯುದ್ಧಕ್ಕೆ ಹಣ ಬೇಕಿತ್ತು, ಪಾದ್ರಿಗಳಿಂದಲೂ ತೆರಿಗೆ ಎತ್ತಿದ. ನನ್ನ ಅನುಮತಿ ಇಲ್ಲದೆ ಎತ್ತಕೂಡದು ಎಂದರು ಪೋಪರು, 1296ರಲ್ಲಿ. ಹಾಗಾದರೆ ಫ್ರಾನ್ಸಿನಿಂದ ಚಿನ್ನ ಬೆಳ್ಳಿ ಹೊರಗೆ ಹೋಗಕೂಡದು ಎಂದ ರಾಜ. ಪೋಪರು ತಗ್ಗಿದರು, ಮರುವರ್ಷ ರಾಜನ ತಾತ ಒಂಬತ್ತನೆಯ ಲೂಯಿಗೆ ಸಂತಪದವಿಯನ್ನೂ ಕೊಟ್ಟರು. ರಾಜಿ ಬಹಳ ದಿನ ಬಾಳಲಿಲ್ಲ. 1302ರ ನವೆಂಬರ್‌ನಲ್ಲಿ 'ಊನಾಮ್ ಸಾಂಕ್ತಾಮ್' ಎಂಬ ಪೋಪರ ಆಜ್ಞಾಪತ್ರ ಹೊರಬಂತು. ಅದರ ಸಾರ ಇಷ್ಟು: ಖಡ್ಗಗಳು ಎರಡು, ಒಂದು ಆತ್ಮದ್ದು, ಒಂದು ಲೋಕದ್ದು. ಲೋಕದ ಖಡ್ಗ ಹಿಡಿದ ರಾಜರೂ ಅದನ್ನು ಧರ್ಮಗುರುವಿನ ಇಚ್ಛೆಯಂತೆಯೇ ಬೀಸಬೇಕು. ರೋಮ್‌ನ ಗುರುವಿಗೆ ಅಧೀನರಾಗದ ಯಾವ ಮನುಷ್ಯನಿಗೂ ಮೋಕ್ಷವಿಲ್ಲ. ಲೋಕದ ದೊರೆಗಳ ಮುಂದೆ ಪೋಪರೊಬ್ಬರು ಇದಕ್ಕಿಂತ ದೊಡ್ಡ ಮಾತು ಆಡಿದ್ದನ್ನು ನಾನು ಓದಿಲ್ಲ.

ಹತ್ತು ತಿಂಗಳಾಗಿರಲಿಲ್ಲ. ರಾಜನನ್ನು ಬಹಿಷ್ಕರಿಸುವ ಪತ್ರ ಸೆಪ್ಟೆಂಬರ್ 8ರಂದು ಅನಾನ್ಯಿಯಲ್ಲಿ ಪ್ರಕಟವಾಗಬೇಕಿತ್ತು. 7ರ ಬೆಳಗಿನ ಜಾವವೇ ರಾಜನ ಆಪ್ತ ನೊಗಾರೆ ಮತ್ತು ಶಾರಾ ಕೊಲೊನ್ನಾ ದಂಡು ಕಟ್ಟಿಕೊಂಡು ಊರೊಳಗೆ ನುಗ್ಗಿದರು. ಕೊಲೊನ್ನಾ ಮನೆತನದ ಪಾಲೆಸ್ತ್ರೀನಾ ಪಟ್ಟಣವನ್ನು ಇದೇ ಪೋಪರು ನೆಲಸಮ ಮಾಡಿಸಿದ್ದರು, ಹಗೆ ಹಳೆಯದು. ಕೋಟೆಯ ಬಾಗಿಲು ತೆಗೆದದ್ದು ಒಳಗಿನವರೇ. ಎಪ್ಪತ್ತರ ಹತ್ತಿರದ ಮುದುಕ ಕೈಯಲ್ಲಿ ಶಿಲುಬೆ ಹಿಡಿದು ಕಾದರಂತೆ. ಮೂರು ದಿನ ಸೆರೆ. ಆಮೇಲೆ ಊರಿನವರೇ ದಂಗೆ ಎದ್ದು ದಂಡನ್ನು ಓಡಿಸಿದರು. ಚೌಕಕ್ಕೆ ಕರೆತಂದಾಗ ಪೋಪರು ಅಳುತ್ತಾ, ತಿನ್ನಲು ಏನಾದರೂ ಕೊಡಿ ಎಂದು ಬೇಡಿದರು, ಹೆಂಗಸರು ರೊಟ್ಟಿ, ವೈನ್, ನೀರು ಹೊತ್ತು ತಂದರು ಎಂದು ಆ ಕಾಲದ ಒಂದು ಪತ್ರ ಹೇಳುತ್ತದೆ. ಅಕ್ಟೋಬರ್ 11ರಂದು ರೋಮ್‌ನಲ್ಲಿ ಅವರು ತೀರಿಕೊಂಡರು. 1309ರಿಂದ ಮುಂದಿನ ಪೋಪರು ಫ್ರಾನ್ಸಿನ ಮಗ್ಗುಲಿನ ಅವಿನ್ಯಾನ್‌ನಲ್ಲಿ ನೆಲೆಸಿದರು.

ಪಾಠ ಮಾಡುವಾಗ ರೊಟ್ಟಿಯ ಭಾಗವನ್ನು ನಾನು ಎಂದೂ ಹೇಳಿರಲಿಲ್ಲ, ಏಟಿನಲ್ಲೇ ಗಂಟೆ ಹೊಡೆದುಬಿಡುತ್ತಿತ್ತು. ಆ ಮಧ್ಯಾಹ್ನ ಚೌಕದ ಕಟ್ಟೆಯ ಮೇಲೆ ಕುಳಿತು ರೊಟ್ಟಿ ಮುರಿಯುವಾಗ ನನಗೆ ಅದೇ ನೆನಪು. (ಹೋಟೆಲಿನಲ್ಲಿ ಬೋನಿಫೇಸರ ಹೆಸರಿನದೇ ಒಂದು ಖಾದ್ಯವಿತ್ತು. ಹಂದಿಮಾಂಸದ ಹೊದಿಕೆಯಂತೆ. ನಮಗೆ ರೊಟ್ಟಿಯೇ ಗತಿ, ಆದರೆ ಎಂಥ ರೊಟ್ಟಿ! ರೋಮ್‌ನ ರೊಟ್ಟಿ ಇದರ ಮುಂದೆ ಸಪ್ಪೆ.)

ಪಕ್ಕದಲ್ಲಿ ಕುಳಿತಿದ್ದ ಅಜ್ಜನೊಬ್ಬ ಎಲ್ಲಿಯವರೆಂದು ಕೇಳಿದ. ಭಾರತ ಎಂದದ್ದೇ ತಡ, ಎದ್ದು ನಿಂತು ಕೋಲಿನಿಂದ ಕೆಳಗಿನ ಕಣಿವೆಯ ಕಡೆ ತೋರಿಸಿದ. ಅಲ್ಲಿ ಟಿವಿಯ ಪಿಕ್ಚರ್ ಟ್ಯೂಬ್ ಮಾಡುವ ಕಾರ್ಖಾನೆಯಿತ್ತು, ನಾನು ಅಲ್ಲೇ ಕೆಲಸ ಮಾಡಿದವನು ಎಂದ. ಫ್ರೆಂಚರ ಕಾರ್ಖಾನೆ. 2005ರಲ್ಲಿ ಅವರು ಅದನ್ನು ಭಾರತದ ಒಂದು ಕಂಪನಿಗೆ ಮಾರಿದರು, ಕೆಲವು ವರ್ಷಗಳ ನಂತರ ಅದು ಮುಚ್ಚಿತು.

ತಂಗಿಯ ಮಗಳು ಕನ್ನಡಕ್ಕೆ ತರುತ್ತಾ ತರುತ್ತಾ ಸಣ್ಣಗಾದಳು. ನನಗೂ ಏನು ಹೇಳಬೇಕೆಂದು ತೋಚಲಿಲ್ಲ. ಅಜ್ಜನೇ ನಕ್ಕ. "ತಪ್ಪು ನಿಮ್ಮದಲ್ಲ ಸಿನ್ಯೋರಾ, ಚಪ್ಪಟೆ ಟಿವಿ ಬಂತು. ಆದರೆ ನೋಡಿ, ಫ್ರೆಂಚರು ಮೊದಲ ಸಲ ಬಂದಾಗ ಪೋಪರಿಗೆ ಹೊಡೆದರು. ಎರಡನೆಯ ಸಲ ಬಂದವರು ನಮ್ಮನ್ನು ನಿಮಗೆ ಮಾರಿ ಹೋದರು."

ಪೋಪರ ಮೇಲೆ ನಿಮಗೆ ಪ್ರೀತಿಯೇ ಎಂದು ಕೇಳಿಸಿದೆ. ಅಜ್ಜ ಬಹಳ ಹೊತ್ತು ಯೋಚಿಸಿ ಹೇಳಿದ. ಕವಿ ಡಾಂಟೆ ದೇಶಭ್ರಷ್ಟನಾದದ್ದು ಈ ಪೋಪರ ರಾಜಕೀಯದಿಂದ. ಅದಕ್ಕೇ ಕಾವ್ಯದಲ್ಲಿ ಇವರಿಗೆ ನರಕದಲ್ಲಿ ಜಾಗ ಕಾದಿರಿಸಿದ. ಅದೇ ಡಾಂಟೆ ಅನಾನ್ಯಿಯ ಮಾತು ಬಂದಾಗ, ಕ್ರಿಸ್ತನೇ ಮತ್ತೊಮ್ಮೆ ಸೆರೆಯಾದ ಎಂದು ಮರುಗಿದ. "ಶಾಲೆಯಲ್ಲಿ ಎರಡನ್ನೂ ಬಾಯಿಪಾಠ ಮಾಡಿಸಿದ್ದರು. ಯಾವುದು ಸರಿ ಎಂದು ಮೇಷ್ಟ್ರು ಹೇಳಲಿಲ್ಲ."

ಇಳಿಯಲು ಬಸ್ಸಿಲ್ಲವೆಂದು ತಿಳಿದು ಅಜ್ಜನೇ ತನ್ನ ಪುಟ್ಟ ಕಾರಿನಲ್ಲಿ ನಿಲ್ದಾಣಕ್ಕೆ ಬಿಡುತ್ತೇನೆಂದ. ಹಣದ ಮಾತೆತ್ತಿದರೆ ಕೋಲು ಎತ್ತಿದ. ತಿರುವುಗಳಲ್ಲಿ ಇಳಿಯುತ್ತಿದ್ದಾಗ, ಬೆಳಗಿನಿಂದ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. ಬೆಳಗಿನ ಜಾವ ಕೋಟೆಯ ಬಾಗಿಲು ತೆಗೆದವರು ಮತ್ತು ಆಮೇಲೆ ರೊಟ್ಟಿ ತಂದವರು, ಬೇರೆ ಬೇರೆ ಜನವೇ?

ಹುಡುಗಿ ಹಿಂಜರಿದಳು. "ಹೀಗೆ ಕೇಳಬಹುದೇ ದೊಡ್ಡಮ್ಮ?"

"ಕೇಳು."

ಕೇಳಿದಳು. ಅಜ್ಜ ಗೇರ್ ಬದಲಿಸಿದ, ತಿರುವು ದಾಟಿಸಿದ, ಆಮೇಲೆ ಹೇಳಿದ: "ಊರು ಚಿಕ್ಕದು, ಸಿನ್ಯೋರಾ."